ಸೆರೆಯಲ್ಲಿದ್ದವನೇ ರಾಜ: ಮಟಿಲ್ಡಾಗೆ ಇಂಗ್ಲೆಂಡಿನ ಪಟ್ಟ ಏಕೆ ದಕ್ಕಲಿಲ್ಲ?

ಪ್ರಶ್ನೆ: ಇಂಗ್ಲೆಂಡಿನ ಒಂದನೇ ಹೆನ್ರಿ ತನ್ನ ನಂತರ ಮಗಳು ಮಟಿಲ್ಡಾಳೇ ಆಳಬೇಕೆಂದು ಸಾಮಂತರಿಂದ ಪ್ರಮಾಣ ಮಾಡಿಸಿದ್ದನಂತೆ. ಆದರೆ ಅವನು ಸತ್ತ ಕೂಡಲೇ ಸೋದರಳಿಯ ಸ್ಟೀಫನ್ ಪಟ್ಟಕ್ಕೆ ಬಂದ. ಮುಂದೆ 1141ರಲ್ಲಿ ಸ್ಟೀಫನ್ ಯುದ್ಧದಲ್ಲಿ ಸೆರೆಸಿಕ್ಕಾಗಲೂ ಮಟಿಲ್ಡಾಗೆ ಪಟ್ಟಾಭಿಷೇಕ ಆಗಲಿಲ್ಲ. ಅವಳು ಹೆಣ್ಣು ಎಂಬುದೊಂದೇ ಇದಕ್ಕೆ ಕಾರಣವೇ? ಹಾಗಿದ್ದರೆ ಅವಳ ಮೂಲಕವೇ ಹಕ್ಕು ಪಡೆದ ಮಗನಿಗೆ ಅದೇ ಸಿಂಹಾಸನ ಸಿಕ್ಕಿದ್ದು ಹೇಗೆ?

ಉತ್ತರ: ಹೆಣ್ಣು ಎಂಬುದು ಕಾರಣಗಳಲ್ಲಿ ಒಂದು, ನಿಜ. ಆದರೆ ಅದನ್ನೇ ಮೊದಲಿಗೆ ಇಟ್ಟರೆ ಉಳಿದ ಲೆಕ್ಕವೆಲ್ಲ ತಪ್ಪಾಗುತ್ತದೆ ಎಂದು ನನ್ನ ಅಭಿಪ್ರಾಯ. ಅದೇ ಕಾಲದಲ್ಲಿ ಸ್ಪೇನಿನ ಲಿಯೋನ್ ಮತ್ತು ಕ್ಯಾಸ್ಟೀಲ್ ರಾಜ್ಯಗಳನ್ನು ಉರಾಕಾ ಎಂಬ ರಾಣಿ 1109ರಿಂದ 1126ರವರೆಗೆ ಆಳಿದ್ದಳು. ಜೆರುಸಲೇಮಿನಲ್ಲಿ 1131ರಲ್ಲಿ ಮೆಲಿಸೆಂಡ್ ಎಂಬಾಕೆ ತಂದೆಯ ಹಕ್ಕಿನಿಂದ ಗಂಡನ ಜೊತೆಗೆ ಪಟ್ಟವೇರಿದಳು. ಆ ಗಂಡ ಫುಲ್ಕ್ ಬೇರೆ ಯಾರೂ ಅಲ್ಲ, ಮಟಿಲ್ಡಾಳ ಖಾಸಾ ಮಾವ, ಅವಳ ಎರಡನೆಯ ಗಂಡನ ತಂದೆ. ಮಗಳು ರಾಜ್ಯಕ್ಕೆ ವಾರಸುದಾರಳಾಗುವುದು ಆ ಕಾಲದವರಿಗೆ ಅಪರೂಪದ ಸಂಗತಿಯಾಗಿತ್ತು, ಆದರೆ ಕಂಡು ಕೇಳರಿಯದ್ದೇನೂ ಆಗಿರಲಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ: 1135ರ ಇಂಗ್ಲೆಂಡಿನಲ್ಲಿ ಒಬ್ಬ ಮನುಷ್ಯ ರಾಜನಾಗುತ್ತಿದ್ದದ್ದು ಯಾವುದರಿಂದ?

ಹಿರಿಯ ಮಗನಿಗೆ ಪಟ್ಟ ಎಂಬ ನಿಯಮ ಆಗ ಗಟ್ಟಿಯಾಗಿರಲಿಲ್ಲ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ 1087ರಲ್ಲಿ ತೀರಿಕೊಂಡಾಗ ಹಿರಿಯ ಮಗ ರಾಬರ್ಟನಿಗೆ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿ ಬಂತು, ಇಂಗ್ಲೆಂಡಿನ ಕಿರೀಟ ಅವನ ತಮ್ಮ ವಿಲಿಯಂ ರೂಫಸನ ಪಾಲಾಯಿತು. ರೂಫಸ್ 1100ರ ಆಗಸ್ಟ್ 2ರಂದು ನ್ಯೂ ಫಾರೆಸ್ಟಿನಲ್ಲಿ ಬೇಟೆಯಾಡುವಾಗ ಬಾಣ ತಗುಲಿ ಸತ್ತ. ಆಗ ಆ ಕಾಡಿನಲ್ಲೇ ಇದ್ದ ಕಿರಿಯ ತಮ್ಮ ಹೆನ್ರಿ ಶವದ ಕಡೆಗೂ ನೋಡದೆ ವಿಂಚೆಸ್ಟರಿಗೆ ಕುದುರೆ ಓಡಿಸಿ ಖಜಾನೆಯನ್ನು ಕೈವಶ ಮಾಡಿಕೊಂಡ. ಆಗಸ್ಟ್ 5ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ ಅವನ ಪಟ್ಟಾಭಿಷೇಕವೂ ಮುಗಿದಿತ್ತು. ನ್ಯಾಯವಾಗಿ ಹಕ್ಕು ಕೇಳಬಹುದಾಗಿದ್ದ ಅಣ್ಣ ರಾಬರ್ಟ್ ಮೊದಲ ಧರ್ಮಯುದ್ಧ ಮುಗಿಸಿ ಇನ್ನೂ ಊರಿಗೆ ಮರಳುವ ದಾರಿಯಲ್ಲಿದ್ದ. ಮುಂದೆ 1106ರಲ್ಲಿ ಟೆಂಶ್‌ಬ್ರೇ ಎಂಬಲ್ಲಿ ಹೆನ್ರಿ ಅವನನ್ನು ಸೋಲಿಸಿ ಸೆರೆಗೆ ಹಾಕಿದ; 1134ರಲ್ಲಿ ರಾಬರ್ಟ್ ಸತ್ತದ್ದೂ ಸೆರೆಯಲ್ಲೇ. ಇಷ್ಟೆಲ್ಲ ಮಾಡಿದ ಹೆನ್ರಿಯೇ ತನ್ನ ಮಗಳ ಸರದಿ ಬಂದಾಗ ಪ್ರಮಾಣದ ಮಾತನ್ನು ನಂಬಿ ಕುಳಿತದ್ದು ವಿಚಿತ್ರ.

ಅವನಿಗೆ ಬೇರೆ ದಾರಿಯೂ ಇರಲಿಲ್ಲವೆನ್ನಿ. 1120ರ ನವೆಂಬರ್ 25ರ ರಾತ್ರಿ ನಾರ್ಮಂಡಿಯ ಬಾರ್ಫ್ಲರ್ ಬಂದರಿನಿಂದ ಹೊರಟ 'ವೈಟ್ ಶಿಪ್' ಎಂಬ ಹಡಗು ಬಂಡೆಗೆ ಬಡಿದು ಮುಳುಗಿ, ಹೆನ್ರಿಯ ಒಬ್ಬನೇ ಔರಸ ಪುತ್ರ ವಿಲಿಯಂ ಸತ್ತ. ಕುಡಿದ ಅಮಲಿನಲ್ಲಿದ್ದ ನಾವಿಕರು, ರಾಜಮನೆತನದ ಹುಡುಗ ಹುಡುಗಿಯರು, ದೊಡ್ಡ ದೊಡ್ಡ ಸಾಮಂತರ ಮಕ್ಕಳು ಎಲ್ಲರೂ ನೀರುಪಾಲಾದರು. ಉಳಿದು ಕಥೆ ಹೇಳಿದವನು ರೂವಾನ್ ಪಟ್ಟಣದ ಒಬ್ಬ ಕಸಾಯಿ. ಹಡಗು ಹೊರಡುವ ಮುನ್ನ ಹೊಟ್ಟೆ ಕೆಟ್ಟಿದೆಯೆಂದು ಇಳಿದುಹೋದವರಲ್ಲಿ ನಮ್ಮ ಸ್ಟೀಫನ್ ಒಬ್ಬ ಎಂದು ಆ ಕಾಲದ ಚರಿತ್ರೆಕಾರನೊಬ್ಬ ಬರೆದಿದ್ದಾನೆ. ಹೆನ್ರಿಗೆ ಮದುವೆಯಾಚೆಯ ಮಕ್ಕಳು ಇಪ್ಪತ್ತಕ್ಕೂ ಹೆಚ್ಚು ಇದ್ದರು, ಆದರೆ ಅವರಿಗೆ ಪಟ್ಟದ ಹಕ್ಕಿಲ್ಲ. ಉಳಿದವಳು ಮಟಿಲ್ಡಾ ಒಬ್ಬಳೇ. 1102ರಲ್ಲಿ ಹುಟ್ಟಿದ ಅವಳನ್ನು ಎಳೆಯ ವಯಸ್ಸಿನಲ್ಲೇ ಜರ್ಮನಿಯ ಚಕ್ರವರ್ತಿ ಐದನೇ ಹೆನ್ರಿಗೆ ಕೊಟ್ಟಿದ್ದರು. 1125ರಲ್ಲಿ ಅವನು ಸತ್ತು, ಮಕ್ಕಳಿಲ್ಲದ ವಿಧವೆಯಾಗಿ ಅವಳು ತವರಿಗೆ ಮರಳಿದಳು. 'ಚಕ್ರವರ್ತಿನಿ' ಎಂಬ ಬಿರುದನ್ನು ಮಾತ್ರ ಸಾಯುವವರೆಗೂ ಬಿಡಲಿಲ್ಲ.

1127ರ ಜನವರಿ 1ರಂದು ಹೆನ್ರಿ ಬಿಷಪ್‌ಗಳನ್ನೂ ಸಾಮಂತರನ್ನೂ ಕೂರಿಸಿ, ತನಗೆ ಗಂಡುಮಗು ಆಗದಿದ್ದರೆ ಮಟಿಲ್ಡಾಳನ್ನೇ ಒಪ್ಪುತ್ತೇವೆಂದು ಪ್ರಮಾಣ ಮಾಡಿಸಿದ. ಚರ್ಚಿನವರು ಮುಗಿಸಿದ ಮೇಲೆ ಮೊದಲು ಪ್ರಮಾಣ ಮಾಡಿದವನು ಸ್ಕಾಟ್ಲೆಂಡಿನ ರಾಜ ಡೇವಿಡ್, ಮಟಿಲ್ಡಾಳ ಸೋದರಮಾವ. ಎರಡನೆಯ ಸ್ಥಾನಕ್ಕೆ ಒಂದು ಜಗಳವೇ ನಡೆಯಿತು. ಒಂದು ಕಡೆ ಹೆನ್ರಿಯ ಅನೌರಸ ಮಗ, ಗ್ಲಾಸ್ಟರಿನ ಅರ್ಲ್ (ದೊಡ್ಡ ಸಾಮಂತರ ಬಿರುದು) ರಾಬರ್ಟ್. ಇನ್ನೊಂದು ಕಡೆ ಹೆನ್ರಿಯ ಸೋದರಿ ಅಡೆಲಾಳ ಮಗ ಸ್ಟೀಫನ್. ನಾನು ಮೊದಲು, ತಾನು ಮೊದಲು ಎಂದು ಪೈಪೋಟಿ ನಡೆಸಿ ಆ ಗೌರವವನ್ನು ಗೆದ್ದವನು ಸ್ಟೀಫನ್. ಎಂಟು ವರ್ಷಗಳ ನಂತರ ಪ್ರಮಾಣವನ್ನು ಮುರಿದವರಲ್ಲಿಯೂ ಅವನೇ ಮೊದಲಿಗ.

(ಸೋದರತ್ತೆಯ ಮಗನಿಗೇ ಮಟಿಲ್ಡಾಳನ್ನು ಕೊಟ್ಟಿದ್ದರೆ ಜಗಳವೇ ಇರುತ್ತಿರಲಿಲ್ಲವಲ್ಲ ಎಂದು ಕನ್ನಡದ ಓದುಗರಿಗೆ ಅನ್ನಿಸಬಹುದು. ನಮ್ಮಲ್ಲಿ ಅದು ವರಸೆಯಾದ ಸಂಬಂಧ. ಅಂದಿನ ಚರ್ಚ್ ಅದಕ್ಕಿಂತ ಎಷ್ಟೋ ದೂರದ ನಂಟನ್ನೂ ಮದುವೆಗೆ ನಿಷಿದ್ಧವೆನ್ನುತ್ತಿತ್ತು. ಸಾಲದ್ದಕ್ಕೆ ಸ್ಟೀಫನನಿಗೆ 1125ರಲ್ಲೇ ಮದುವೆಯಾಗಿತ್ತು.)

ನನ್ನ ಪ್ರಕಾರ ಮಟಿಲ್ಡಾಳ ದಾರಿ ಕೆಟ್ಟದ್ದು 1128ರಲ್ಲಿ, ಅವಳ ಎರಡನೆಯ ಮದುವೆಯಿಂದ. ಹೆನ್ರಿ ಆರಿಸಿದ ವರ ಆಂಜೂ ಪ್ರಾಂತ್ಯದ ಜೆಫ್ರಿ. ಅವಳಿಗೆ 26 ವರ್ಷ, ಅವನಿಗೆ ಇನ್ನೂ 15 ತುಂಬಿರಲಿಲ್ಲ. ವಯಸ್ಸಿನ ಮಾತು ಹಾಗಿರಲಿ, ನಾರ್ಮಂಡಿಯ ಸಾಮಂತರಿಗೆ ಆಂಜೂ ಎಂದರೆ ಹೊಲದ ಬದು ಒತ್ತುವ ನೆರೆಯವನಿದ್ದಂತೆ. ತಲೆಮಾರುಗಳ ಗಡಿ ಜಗಳ. ಮಟಿಲ್ಡಾ ರಾಣಿಯಾದರೆ ಆ ವೈರಿಯೇ ತಮ್ಮ ಒಡೆಯನಾಗುತ್ತಾನೆ ಎಂದು ಅವರು ಲೆಕ್ಕ ಹಾಕಿದರು. ಹೆಂಡತಿಯ ರಾಜ್ಯವನ್ನು ಗಂಡ ನಡೆಸುವುದು ಅಂದಿನ ರೂಢಿ. ಹೆಣ್ಣು ಎಂಬ ವಿಷಯ ಇಲ್ಲಿ ಮೊದಲ ಬಾರಿಗೆ ಭಾರವಾಗಿ ಬರುತ್ತದೆ. ಸಾಮಂತರಿಗೆ ಅವಳ ಆಳ್ವಿಕೆಗಿಂತ ಅವಳ ಗಂಡನ ಆಳ್ವಿಕೆಯ ಹೆದರಿಕೆ ದೊಡ್ಡದಾಗಿತ್ತು. ಸಾಲ್ಸ್‌ಬರಿಯ ಬಿಷಪ್ ರೋಜರ್ ಮುಂದೆ ಹೇಳುತ್ತಿದ್ದನಂತೆ: ನಮ್ಮನ್ನು ಕೇಳದೆ ರಾಜ್ಯದ ಹೊರಗೆ ಮಗಳ ಮದುವೆ ಮಾಡಬಾರದೆಂಬ ಷರತ್ತಿನ ಮೇಲೆ ನಾವು ಪ್ರಮಾಣ ಮಾಡಿದ್ದೆವು, ಷರತ್ತು ಮುರಿದವನು ರಾಜನೇ. ಹೆನ್ರಿ 1131ರಲ್ಲಿ ಮತ್ತೊಮ್ಮೆ ಪ್ರಮಾಣ ಮಾಡಿಸಬೇಕಾಗಿ ಬಂದದ್ದರ ಹಿಂದೆಯೂ ಈ ಅಸಮಾಧಾನವನ್ನೇ ನಾನು ಕಾಣುತ್ತೇನೆ.

ಇದಕ್ಕಿಂತ ಕೆಟ್ಟದ್ದು 1135ರಲ್ಲಿ ಕಾದಿತ್ತು. ವರದಕ್ಷಿಣೆಯಾಗಿ ಮಾತು ಕೊಟ್ಟಿದ್ದ ಗಡಿಕೋಟೆಗಳನ್ನು ಹೆನ್ರಿ ಅಳಿಯನ ಕೈಗೆ ಒಪ್ಪಿಸಲಿಲ್ಲ. ಮಾವ ಅಳಿಯನ ನಡುವೆ ಕತ್ತಿ ಹೊರಬಂತು, ಮಟಿಲ್ಡಾ ಗಂಡನ ಪಕ್ಷ ಹಿಡಿದಳು. ಅದೇ ವರ್ಷದ ಡಿಸೆಂಬರ್ 1ರಂದು ಹೆನ್ರಿ ನಾರ್ಮಂಡಿಯ ಲಿಯೋನ್-ಲಾ-ಫೋರೆಯಲ್ಲಿ ತೀರಿಕೊಂಡ. ವೈದ್ಯರು ಬೇಡವೆಂದರೂ ಲ್ಯಾಂಪ್ರಿ ಎಂಬ ಹಾವಿನಾಕಾರದ ಮೀನನ್ನು ತಿಂದು ಸತ್ತನೆಂದು ಕಥೆ. ಮಂಚದ ಸುತ್ತ ಇದ್ದವರೆಲ್ಲ ಸಾಮಂತರು. ವಾರಸುದಾರಳಾದ ಮಗಳು ಎದುರು ಪಾಳೆಯದಲ್ಲಿದ್ದಳು, ಜೊತೆಗೆ ಗರ್ಭಿಣಿ. ಸುದ್ದಿ ತಿಳಿದು ಅವಳು ಮಾಡಿದ್ದು ಅರ್ಜಾಂತಾನ್, ಡಾಂಫ್ರಾನ್ ಮೊದಲಾದ ಗಡಿಕೋಟೆಗಳನ್ನು ವಶಪಡಿಸಿಕೊಂಡದ್ದು. ಕಡಲು ದಾಟಲಿಲ್ಲ.

ಸ್ಟೀಫನ್ ದಾಟಿದ. ಹೆಂಡತಿಯ ಮೂಲಕ ಅವನು ಬುಲೋನ್ ಪ್ರಾಂತ್ಯದ ಒಡೆಯ. ಇಂಗ್ಲೆಂಡಿಗೆ ಅತಿ ಹತ್ತಿರದ ಕಡಲದಾರಿ ಅವನ ಕೈಯಲ್ಲಿತ್ತು. ಡೋವರ್ ಮತ್ತು ಕ್ಯಾಂಟರ್ಬರಿ ಬಾಗಿಲು ಹಾಕಿಕೊಂಡವು. ಲಂಡನ್ ಸ್ವಾಗತಿಸಿತು, ರಾಜನನ್ನು ಆರಿಸುವ ಹಕ್ಕು ತಮಗಿದೆ ಎಂದು ಅಲ್ಲಿನ ನಗರವಾಸಿಗಳು ಹೇಳಿಕೊಂಡರು. ಅಲ್ಲಿಂದ ಅವನು ನೇರವಾಗಿ ಹೋದದ್ದು ವಿಂಚೆಸ್ಟರಿಗೆ. ಅಲ್ಲಿನ ಬಿಷಪ್ ಅವನ ಸ್ವಂತ ತಮ್ಮ ಹೆನ್ರಿ. ಖಜಾನೆಯ ಬೀಗದ ಕೈ ದೊರೆಯಿತು. ಮಟಿಲ್ಡಾಗೆ ಕೊಟ್ಟ ಮಾತೇನಾಯಿತು ಎಂದು ಪಟ್ಟ ಕಟ್ಟಬೇಕಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹಿಂಜರಿದಾಗ, ಹ್ಯೂ ಬಿಗಾಡ್ ಎಂಬ ಅರಮನೆ ಅಧಿಕಾರಿ ಮುಂದೆ ಬಂದು, ಸಾಯುವ ಹೊತ್ತಿನಲ್ಲಿ ರಾಜ ಮನಸ್ಸು ಬದಲಾಯಿಸಿದ್ದನೆಂದು ಆಣೆಯಿಟ್ಟು ಹೇಳಿದ. ಡಿಸೆಂಬರ್ 22ರಂದು ಸ್ಟೀಫನ್ ರಾಜ. ಸುದ್ದಿ ತಲುಪುವ ಹೊತ್ತಿಗೆ ನಾರ್ಮಂಡಿಯ ಸಾಮಂತರು ಸ್ಟೀಫನನ ಅಣ್ಣ ತಿಬೋ ಎಂಬವನನ್ನು ಒಡೆಯನಾಗೆಂದು ಕರೆದು ಕೂರಿಸಿಕೊಂಡಿದ್ದರು. ಅಣ್ಣ ಸಿಟ್ಟಿನಿಂದ ಎದ್ದು ಹೋದ. ಒಂದನೇ ಹೆನ್ರಿಯ ಆಟವನ್ನು ಸೋದರಳಿಯ ಅಚ್ಚುಕಟ್ಟಾಗಿ ಕಲಿತಿದ್ದ.

ಜನ ಏಕೆ ಒಪ್ಪಿದರು? ಆ ಕಾಲದಲ್ಲಿ ರಾಜನ ಜೊತೆಗೆ ರಾಜನ 'ಶಾಂತಿ'ಯೂ ಸಾಯುತ್ತಿತ್ತು. ಹೊಸಬನಿಗೆ ಪಟ್ಟವಾಗುವವರೆಗೆ ಲೂಟಿಯನ್ನು ವಿಚಾರಿಸುವವರೇ ಇಲ್ಲ. ಹೆನ್ರಿ ಸತ್ತ ಕೆಲವೇ ದಿನಗಳಲ್ಲಿ ಅದು ಶುರುವಾಗಿಯೂ ಇತ್ತು. ಆದಷ್ಟು ಬೇಗ ಯಾರಾದರೊಬ್ಬ ರಾಜ ಬೇಕಿತ್ತು. ಒಮ್ಮೆ ಆರ್ಚ್‌ಬಿಷಪ್ ಕೈಯಿಂದ ತಲೆಯ ಮೇಲೆ ಪವಿತ್ರ ತೈಲ ಬಿದ್ದರೆ ಅದನ್ನು ಒರೆಸುವ ವಿಧಿ ಚರ್ಚಿನಲ್ಲಿ ಇರಲಿಲ್ಲ. ಗ್ಲಾಸ್ಟರಿನ ರಾಬರ್ಟ್ ಕೂಡ 1136ರಲ್ಲಿ ಬಂದು ಸ್ಟೀಫನನಿಗೆ ನಿಷ್ಠೆ ಸಲ್ಲಿಸಿದ. ಪೋಪ್ ಎರಡನೇ ಇನ್ನೊಸೆಂಟ್ ಮಾನ್ಯ ಮಾಡಿದ. 1139ರಲ್ಲಿ ರೋಮ್‌ನಲ್ಲಿ ಮಟಿಲ್ಡಾಳ ಪರವಾಗಿ ದೂರು ಹೋದಾಗ, ಅವಳ ತಾಯಿ ಮದುವೆಗೆ ಮೊದಲು ಕಾನ್ವೆಂಟಿನಲ್ಲಿ ಬೆಳೆದವಳು, ಸನ್ಯಾಸಿನಿಯ ಮಗಳಿಗೆ ಹಕ್ಕೆಲ್ಲಿಯದು ಎಂದು ಸ್ಟೀಫನನ ವಕೀಲರು ವಾದಿಸಿದರು. ಗಮನಿಸಿ: ಹೆಣ್ಣಿಗೆ ಪಟ್ಟವಿಲ್ಲ ಎಂಬ ವಾದ ಅಷ್ಟು ಸಲೀಸಾಗಿ ಗೆಲ್ಲುವಂಥದ್ದಾಗಿದ್ದರೆ ತಾಯಿಯ ಚಾರಿತ್ರ್ಯ ಕೆದಕುವ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ.

ಮುಂದಿನ ವರ್ಷಗಳನ್ನು ಬೇಗ ದಾಟೋಣ. ಸ್ಕಾಟ್ಲೆಂಡಿನ ಡೇವಿಡ್ ಸೊಸೆಯ ಪರವೆಂದು ಹೇಳಿಕೊಂಡು ದಂಡೆತ್ತಿ ಬಂದು 1138ರಲ್ಲಿ ಸೋತ. (ಅಕ್ಕನ ಮಗಳನ್ನು ಸೊಸೆಯೆಂದಿದ್ದೇನೆ, ನಮ್ಮ ರೂಢಿಯಂತೆ.) ಅದೇ ವರ್ಷ ರಾಬರ್ಟ್ ಸ್ಟೀಫನನಿಗೆ ಕೊಟ್ಟಿದ್ದ ನಿಷ್ಠೆಯನ್ನು ಹಿಂತೆಗೆದುಕೊಂಡು ಮಲತಂಗಿ ಮಟಿಲ್ಡಾಳ ಪಕ್ಷಕ್ಕೆ ಬಂದ, ಅವನು ಆ ಕಾಲದ ಅತಿ ದೊಡ್ಡ ಸಾಮಂತರಲ್ಲಿ ಒಬ್ಬ. 1139ರಲ್ಲಿ ಸ್ಟೀಫನ್ ತನ್ನ ಆಡಳಿತವನ್ನೇ ನಡೆಸುತ್ತಿದ್ದ ಬಿಷಪ್ ರೋಜರನನ್ನು ಬಂಧಿಸಿ ಚರ್ಚನ್ನು ಎದುರು ಹಾಕಿಕೊಂಡ. ಅದೇ ಸೆಪ್ಟೆಂಬರಿನಲ್ಲಿ ಮಟಿಲ್ಡಾ ಅರುಂಡೆಲ್‌ನಲ್ಲಿ ಮಲತಾಯಿಯ ಕೋಟೆಗೆ ಬಂದಿಳಿದಳು. ಸ್ಟೀಫನ್ ಮುತ್ತಿಗೆ ಹಾಕಿದವನು, ಕೊನೆಗೆ ಕಾವಲು ಕೊಟ್ಟು ಅವಳನ್ನು ಬ್ರಿಸ್ಟಲಿಗೆ, ಅಣ್ಣನ ಬಳಿಗೆ ಕಳಿಸಿಕೊಟ್ಟ. ಇದನ್ನು ಮೂರ್ಖತನ ಎನ್ನುವವರೇ ಹೆಚ್ಚು. ವೈರಿಗಳೆಲ್ಲ ಒಂದೇ ಮೂಲೆಯಲ್ಲಿ ಸೇರಲಿ ಎಂಬ ಲೆಕ್ಕವೂ ಅದರಲ್ಲಿತ್ತು. ಹಾಗಾಗಿ ನಾನು ಅಷ್ಟು ಕಠಿಣವಾಗಿ ಹೇಳಲಾರೆ.

ಇನ್ನು 1141. ಫೆಬ್ರವರಿ 2ರಂದು ಲಿಂಕನ್ ಪಟ್ಟಣದ ಹೊರಗೆ ರಾಬರ್ಟ್ ಮತ್ತು ಚೆಸ್ಟರಿನ ಅರ್ಲ್ ರನುಲ್ಫ್ ಸ್ಟೀಫನನ ಪಡೆಯ ಮೇಲೆ ಬಿದ್ದರು. ಸ್ಟೀಫನನ ಅರ್ಲ್‌ಗಳು ಕುದುರೆ ತಿರುಗಿಸಿಕೊಂಡು ಓಡಿದರು, ಅವನು ಮಾತ್ರ ನೆಲದ ಮೇಲೆ ನಿಂತು ಹೋರಾಡಿದ. ಕತ್ತಿ ಮುರಿಯಿತು, ಕೊಡಲಿ ಹಿಡಿದ; ಕೊನೆಗೆ ಸೆರೆಯಾಗಿ ಬ್ರಿಸ್ಟಲಿಗೆ ಹೋದ. ನಾಲ್ಕಾರು ವಾರಗಳಲ್ಲಿ ಅವನ ತಮ್ಮ, ಬಿಷಪ್ ಹೆನ್ರಿಯೇ ಪಕ್ಷ ಬದಲಿಸಿ ವಿಂಚೆಸ್ಟರಿನ ಬಾಗಿಲು ತೆರೆದ. ಏಪ್ರಿಲಿನಲ್ಲಿ ಚರ್ಚಿನ ಸಭೆ ಮಟಿಲ್ಡಾಳನ್ನು 'ಇಂಗ್ಲಿಷರ ಒಡತಿ' ಎಂದು ಒಪ್ಪಿಕೊಂಡಿತು. ಪಟ್ಟಕ್ಕೆ ಮುಂಚಿನ ಮೆಟ್ಟಿಲಿನ ಬಿರುದು ಅದು.

ಆ ಒಂದು ಮೆಟ್ಟಿಲನ್ನು ಅವಳು ಹತ್ತಲಾಗಲಿಲ್ಲ ಏಕೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು. ಮೊದಲ ತೊಡಕು, ಅಭಿಷಿಕ್ತ ರಾಜ ಇನ್ನೂ ಬದುಕಿದ್ದ. ಆ ಹೊತ್ತಿಗೆ ಆರ್ಚ್‌ಬಿಷಪ್ ಆಗಿದ್ದ ಥಿಯೋಬಾಲ್ಡ್ ಮಟಿಲ್ಡಾಗೆ ನಿಷ್ಠೆ ಸಲ್ಲಿಸುವ ಮುನ್ನ ಏನು ಮಾಡಿದ ಗೊತ್ತೇ? ಸೆರೆಮನೆಗೆ ಹೋಗಿ ಸ್ಟೀಫನನ ಅಪ್ಪಣೆ ಕೇಳಿದ! ಕಾಲಕ್ಕೆ ತಕ್ಕಂತೆ ನಡೆದುಕೊಳ್ಳಿರೆಂದು ಕೈದಿ ಅಪ್ಪಣೆಯನ್ನೂ ಕೊಟ್ಟ. ಸೆರೆಯಲ್ಲಿರುವ ಮನುಷ್ಯನಿಂದ ಅನುಮತಿ ಪಡೆಯಬೇಕೆಂದು ರಾಜ್ಯದ ಅತಿ ದೊಡ್ಡ ಧರ್ಮಗುರುವಿಗೆ ತೋರಿತು ಎಂದರೆ, ಯಾರು ರಾಜ ಎಂಬ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಎರಡನೆಯದು ಲಂಡನ್. ವೆಸ್ಟ್‌ಮಿನ್‌ಸ್ಟರ್ ಅದರ ಮಗ್ಗುಲಲ್ಲೇ ಇದೆ, ಆ ನಗರ ಒಪ್ಪದೆ ಅಲ್ಲಿ ಪಟ್ಟಾಭಿಷೇಕ ನಡೆಯುವಂತಿಲ್ಲ. ಲಂಡನ್ನಿನ ವರ್ತಕರ ವ್ಯಾಪಾರ ಫ್ಲಾಂಡರ್ಸ್ ಕಡೆಗೆ, ಅದರ ದಾರಿ ಬುಲೋನ್ ಮೂಲಕ, ಬುಲೋನ್ ಸ್ಟೀಫನನ ಹೆಂಡತಿಯದು. ಅವಳ ಹೆಸರೂ ಮಟಿಲ್ಡಾ ಎಂಬುದು ಓದುಗರ ದುರದೃಷ್ಟ. ಈ ರಾಣಿ ಮಟಿಲ್ಡಾ ಗಂಡನನ್ನು ಬಿಡಿಸಲು ಮೊದಲು ಬೇಡಿಕೊಂಡಳು, ಒಪ್ಪದಿದ್ದಾಗ ಕೆಂಟ್ ಕಡೆಯಿಂದ ಸೇನೆ ತಂದು ಥೇಮ್ಸ್ ನದಿಯ ದಕ್ಷಿಣ ದಡವನ್ನು ಸುಟ್ಟಳು. ಅದೇ ಹೊತ್ತಿನಲ್ಲಿ ಚಕ್ರವರ್ತಿನಿ ಮಟಿಲ್ಡಾ ಲಂಡನ್ನಿನವರನ್ನು ಕರೆಸಿ ದೊಡ್ಡ ಮೊತ್ತದ ಹಣ ಕೇಳಿದಳು. ಕಾಲಾವಕಾಶ ಕೇಳಿದವರ ಮೇಲೆ ರೇಗಿದಳು. ಬುಲೋನಿನ ಆಸ್ತಿಯಾದರೂ ಅಣ್ಣನ ಮಗ ಯೂಸ್ಟಸನಿಗೆ ಉಳಿಯಲಿ ಎಂದ ಬಿಷಪ್ ಹೆನ್ರಿಯ ಮಾತನ್ನೂ ತಳ್ಳಿಹಾಕಿದಳು. ಜೂನ್ 24ರಂದು ನಗರದ ಗಂಟೆಗಳು ಮೊಳಗಿ, ಜನ ಆಯುಧ ಹಿಡಿದು ಹೊರಬಂದಾಗ ಅವಳು ವೆಸ್ಟ್‌ಮಿನ್‌ಸ್ಟರಿನಲ್ಲಿ ಊಟಕ್ಕೆ ಕೂರುವುದರಲ್ಲಿದ್ದಳು. ಎಲೆ ಬಿಟ್ಟು ಎದ್ದವಳು ಆಕ್ಸ್‌ಫರ್ಡ್ ಸೇರಿದಳು. ಪಟ್ಟಾಭಿಷೇಕದ ಆಸೆ ಅಲ್ಲಿಗೆ ಮುಗಿಯಿತು.

ಅಂದಿನ ಬರಹಗಾರರು, ಅದರಲ್ಲೂ ಸ್ಟೀಫನನ ಪರವಾದವರು, ಅವಳ ಗರ್ವವೇ ಅವಳನ್ನು ಕೆಡಿಸಿತು ಎನ್ನುತ್ತಾರೆ. ಇಲ್ಲಿ ನಿಮ್ಮ ಅನುಮಾನ ಸರಿ. ಅವಳ ತಂದೆ ಕೆಟ್ಟ ನಾಣ್ಯ ಟಂಕಿಸಿದರೆಂದು ಟಂಕಸಾಲೆಯವರ ಬಲಗೈ ಕಡಿಸಿ, ಬೀಜ ಒಡೆಸಿದವನು; ಅವನನ್ನು ನ್ಯಾಯದ ಸಿಂಹ ಎಂದು ಹೊಗಳಿದರು. ಮಗಳು ಹಣ ಕೇಳಿ ಗದರಿಸಿದರೆ ಹೆಂಗಸಿಗೆ ಹೇಳಿದ್ದಲ್ಲದ ನಡತೆಯಾಯಿತು. ಊರು ಸುಟ್ಟ ರಾಣಿ ಮಟಿಲ್ಡಾಳನ್ನು ಅದೇ ಬರಹಗಾರರು ಮೆಚ್ಚುತ್ತಾರೆ, ಏಕೆಂದರೆ ಅವಳು ಸುಟ್ಟದ್ದು ಗಂಡನಿಗಾಗಿ. ಇಷ್ಟಾದರೂ ಒಂದು ಮಾತು ಹೇಳಲೇಬೇಕು: ಪಟ್ಟಾಭಿಷೇಕಕ್ಕೆ ಮುಂಚೆಯೇ ಲಂಡನ್ನಿನಿಂದ ತೆರಿಗೆ ಕೇಳುವುದು ಗಂಡಾಗಲಿ ಹೆಣ್ಣಾಗಲಿ ಯಾರು ಮಾಡಿದರೂ ತಪ್ಪು ನಡೆ. ಸ್ಟೀಫನ್ ಮೊದಲು ಕಿರೀಟ ಇಟ್ಟುಕೊಂಡ, ಆಮೇಲೆ ಜಗಳವಾಡಿದ.

ಸೆಪ್ಟೆಂಬರಿನಲ್ಲಿ ವಿಂಚೆಸ್ಟರಿನಿಂದ ಹಿಮ್ಮೆಟ್ಟುವಾಗ, ತಂಗಿ ತಪ್ಪಿಸಿಕೊಳ್ಳಲೆಂದು ಹಿಂದೆ ನಿಂತ ರಾಬರ್ಟ್ ಸೆರೆಸಿಕ್ಕ. ಅವನಿಲ್ಲದೆ ಪಕ್ಷವೇ ಇಲ್ಲ. ನವೆಂಬರಿನಲ್ಲಿ ಅವನಿಗೆ ಬದಲಾಗಿ ಸ್ಟೀಫನನನ್ನು ಬಿಟ್ಟುಕೊಡಬೇಕಾಯಿತು. ಮರುವರ್ಷ ಆಕ್ಸ್‌ಫರ್ಡ್ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕಿದ ಮಟಿಲ್ಡಾ ಡಿಸೆಂಬರಿನ ಹಿಮದಲ್ಲಿ ಬಿಳಿ ಬಟ್ಟೆ ತೊಟ್ಟು, ಹೆಪ್ಪುಗಟ್ಟಿದ ನದಿಯನ್ನು ನಡೆದು ದಾಟಿ ಪಾರಾದಳು. ಎಲ್ಲರಿಗೂ ನೆನಪಿರುವ ಕಥೆ ಅದು, ಆದರೆ ಯುದ್ಧದ ಗತಿ ಅದರಿಂದ ಬದಲಾಗಲಿಲ್ಲ.

ಗತಿ ಬದಲಾದದ್ದು ಕಡಲಿನ ಆಚೆ. ಹೆಂಡತಿಯ ನೆರವಿಗೆ ಇಂಗ್ಲೆಂಡಿಗೆ ಒಮ್ಮೆಯೂ ಬರದ ಜೆಫ್ರಿ ನಾರ್ಮಂಡಿಯನ್ನು ಕೋಟೆ ಕೋಟೆಯಾಗಿ ನುಂಗುತ್ತ 1144ರಲ್ಲಿ ರೂವಾನ್ ಹಿಡಿದು ಡ್ಯೂಕ್ ಆದ. ಇಂಗ್ಲೆಂಡಿನ ದೊಡ್ಡ ಸಾಮಂತರಲ್ಲಿ ಅನೇಕರಿಗೆ ಎರಡೂ ದಡಗಳಲ್ಲಿ ಭೂಮಿ ಇತ್ತು. ಈಗ ಒಂದು ದಡಕ್ಕೆ ಸ್ಟೀಫನ್ ಒಡೆಯ, ಇನ್ನೊಂದಕ್ಕೆ ಜೆಫ್ರಿ. ಅವರು ಎರಡು ದೋಣಿಯಲ್ಲಿ ಕಾಲಿಟ್ಟು ನಿಲ್ಲಬೇಕಾಯಿತು. ವಾಲೆರಾನ್ ಮತ್ತು ಲೆಸ್ಟರಿನ ರಾಬರ್ಟ್ ಅವಳಿ ಅಣ್ಣತಮ್ಮಂದಿರು: ಒಬ್ಬ ನಾರ್ಮಂಡಿಯ ಆಸ್ತಿಗಾಗಿ ಆಂಜೂ ಪಕ್ಷ ಸೇರಿದ, ಇನ್ನೊಬ್ಬ ಇಂಗ್ಲೆಂಡಿನಲ್ಲಿ ಉಳಿದ. ಮನೆತನದ ಭೂಮಿ ಎರಡೂ ಕಡೆ ಭದ್ರ. ಚೆಸ್ಟರ್ ಮತ್ತು ಲೆಸ್ಟರ್ ಅರ್ಲ್‌ಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದವೊಂದು ಉಳಿದುಬಂದಿದೆ, ಈ ಯುದ್ಧದ ಬಗ್ಗೆ ನನಗೆ ಅತಿ ಇಷ್ಟವಾದ ದಾಖಲೆ ಅದು. ಒಡೆಯನ ಬಲವಂತಕ್ಕೆ ಪರಸ್ಪರರ ಮೇಲೆ ದಂಡೆತ್ತಿ ಹೋಗಲೇಬೇಕಾದರೆ 20 ಜನ ನೈಟ್‌ಗಳಿಗಿಂತ ಹೆಚ್ಚು ಕರೆತರುವುದಿಲ್ಲ, ಕೊಳ್ಳೆ ಹೊಡೆದದ್ದನ್ನು ಹಿಂದಿರುಗಿಸುತ್ತೇವೆ ಎಂದು ಇಬ್ಬರೂ ಬರೆದುಕೊಟ್ಟಿದ್ದಾರೆ! ದೊಡ್ಡವರಿಗೆ ಇಂಥ ಅನುಕೂಲವಿತ್ತು. ಹಳ್ಳಿಗರನ್ನು ಹಿಡಿದು ಹಿಂಸಿಸಿ ಹಣ ಕಿತ್ತ ಕೋಟೆಯವರ ಕಥೆಯನ್ನು ಪೀಟರ್‌ಬರೋ ಮಠದ ಸನ್ಯಾಸಿಯೊಬ್ಬ ಬರೆದಿಟ್ಟಿದ್ದಾನೆ. ಕ್ರಿಸ್ತನೂ ಸಂತರೂ ನಿದ್ದೆಹೋಗಿದ್ದಾರೆ ಎಂದು ಜನ ಬಹಿರಂಗವಾಗಿ ಆಡಿಕೊಳ್ಳುತ್ತಿದ್ದರಂತೆ.

1147ರಲ್ಲಿ ಗ್ಲಾಸ್ಟರಿನ ರಾಬರ್ಟ್ ಸತ್ತ. ಮರುವರ್ಷ ಮಟಿಲ್ಡಾ ನಾರ್ಮಂಡಿಗೆ ಮರಳಿದಳು. ಇನ್ನು ಮಗ ಹೆನ್ರಿಯ ಸರದಿ. 1133ರಲ್ಲಿ ಹುಟ್ಟಿದ ಅವನು 14ನೇ ವಯಸ್ಸಿನಲ್ಲಿ ಒಂದಿಷ್ಟು ಬಾಡಿಗೆ ಸೈನಿಕರನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಬಂದಿದ್ದ. ಸಂಬಳ ಕೊಡಲು ಹಣವಿಲ್ಲದೆ ತಾಯಿಯನ್ನು ಕೇಳಿದ, ಸೋದರಮಾವನನ್ನು ಕೇಳಿದ, ಇಬ್ಬರೂ ಕೊಡಲಿಲ್ಲ. ಕೊನೆಗೆ ಯಾರ ವಿರುದ್ಧ ಯುದ್ಧಕ್ಕೆ ಬಂದಿದ್ದನೋ ಆ ಸ್ಟೀಫನನನ್ನೇ ಕೇಳಿದ, ಸ್ಟೀಫನ್ ಕೊಟ್ಟ!

ಆ ಹುಡುಗ 1153ರ ಜನವರಿಯಲ್ಲಿ ಮತ್ತೆ ಬಂದಾಗ ನಾರ್ಮಂಡಿಯ ಡ್ಯೂಕ್, ಆಂಜೂವಿನ ಒಡೆಯ, ಹಿಂದಿನ ವರ್ಷ ಎಲಿನರ್‌ಳನ್ನು ಮದುವೆಯಾಗಿ ಫ್ರಾನ್ಸಿನ ನೈಋತ್ಯದ ಅಕ್ವಿಟೇನ್ ಪ್ರಾಂತ್ಯವನ್ನು ಪಡೆದವನು. ಸಾಮಂತರ ನಾರ್ಮಂಡಿಯ ಭೂಮಿ ಇಡಿಯಾಗಿ ಅವನ ಕೈಯಲ್ಲಿತ್ತು. ಇತ್ತ ಸ್ಟೀಫನ್ ತಾನು ಬದುಕಿರುವಾಗಲೇ ಮಗ ಯೂಸ್ಟಸನಿಗೆ ಪಟ್ಟ ಕಟ್ಟಿಸಲು ನೋಡಿದ್ದ. ಪೋಪನ ನಿಷೇಧವಿದೆಯೆಂದು ಆರ್ಚ್‌ಬಿಷಪ್ ಥಿಯೋಬಾಲ್ಡ್ ತೈಲ ಹಚ್ಚಲು ಒಪ್ಪದೆ ದೇಶ ಬಿಟ್ಟು ಓಡಿದ. ಸ್ಟೀಫನನನ್ನು ಸೆರೆಯಲ್ಲೂ ರಾಜನಾಗಿ ಉಳಿಸಿದ ಅದೇ ವಿಧಿ ಅವನ ಮಗನಿಗೆ ಸಿಗಲಿಲ್ಲ. ವಾಲಿಂಗ್‌ಫರ್ಡಿನಲ್ಲಿ ಎರಡೂ ಸೇನೆಗಳು ಎದುರುಬದುರಾದಾಗ ಎರಡೂ ಕಡೆಯ ಸಾಮಂತರು ಯುದ್ಧಕ್ಕೆ ಒಲ್ಲೆವೆಂದರು. ಆಗಸ್ಟಿನಲ್ಲಿ ಯೂಸ್ಟಸ್ ಇದ್ದಕ್ಕಿದ್ದಂತೆ ಸತ್ತ. ನವೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ಸಂಧಿಯಾಯಿತು: ಸ್ಟೀಫನ್ ಬದುಕಿರುವವರೆಗೆ ರಾಜ, ಹೆನ್ರಿ ಅವನ ದತ್ತುಮಗ ಮತ್ತು ವಾರಸುದಾರ. ಸ್ಟೀಫನನ ಕಿರಿಯ ಮಗ ವಿಲಿಯಂನಿಗೆ ಕಿರೀಟದ ಬದಲು ಧಾರಾಳವಾಗಿ ಆಸ್ತಿ. ಒಂದನೇ ಹೆನ್ರಿಯ ಕಾಲದಲ್ಲಿ ಭೂಮಿ ಹೊಂದಿದ್ದವರಿಗೆ ಅದು ಮರಳಿ ಸಿಗಬೇಕು, ಯುದ್ಧಕಾಲದಲ್ಲಿ ಎದ್ದ ಕೋಟೆಗಳನ್ನು ಕೆಡವಬೇಕು. ಸಾಮಂತರಿಗೆ ಬೇಕಾಗಿದ್ದದ್ದು ಈ ಮಾತು.

ಮಗನಿಗೆ ಸಿಕ್ಕಿದ್ದು ಹೇಗೆ ಎಂಬುದಕ್ಕೆ ಇದೇ ಉತ್ತರ. ಅವನು ಗಂಡು ಎಂಬುದು ಅನುಕೂಲವಾಯಿತು, ಅನುಮಾನವಿಲ್ಲ. ಸೇನೆಯ ಮುಂದೆ ತಾನೇ ನಿಲ್ಲಬಲ್ಲವನಾಗಿದ್ದ, ಅವನನ್ನು ಒಪ್ಪಿದರೆ ಬೇರೊಬ್ಬ ಗಂಡನ ಭಯವಿರಲಿಲ್ಲ. ಆದರೆ ಅವನ ಹಕ್ಕು ಬಂದದ್ದು ತಾಯಿಯಿಂದ ಮಾತ್ರ, ಅದನ್ನು ಯಾರೂ ಪ್ರಶ್ನಿಸಲಿಲ್ಲ. 1154ರ ಅಕ್ಟೋಬರ್ 25ರಂದು ಸ್ಟೀಫನ್ ಸತ್ತಾಗ ಹೆನ್ರಿ ನಾರ್ಮಂಡಿಯಲ್ಲಿದ್ದ, ಪ್ರತಿಕೂಲ ಗಾಳಿಯಿಂದ ಬಂದರಿನಲ್ಲೇ ಕಾಯಬೇಕಾಯಿತು. ಸುಮಾರು ಎಂಟು ವಾರ ರಾಜನಿಲ್ಲದ ಇಂಗ್ಲೆಂಡಿನಲ್ಲಿ ಖಜಾನೆಯ ಕಡೆಗೆ ಯಾರೂ ಕುದುರೆ ಓಡಿಸಲಿಲ್ಲ. ಡಿಸೆಂಬರ್ 19ರಂದು ಅವನಿಗೆ ಪಟ್ಟವಾಯಿತು. ಜನ ಅವನನ್ನು ತಂದೆಯ ಹೆಸರಿನಿಂದಲ್ಲ, ಚಕ್ರವರ್ತಿನಿಯ ಮಗ ಎಂದೇ ಕರೆಯುತ್ತಿದ್ದರು.

ಮಟಿಲ್ಡಾ 1167ರವರೆಗೆ ರೂವಾನಿನಲ್ಲಿದ್ದು ಮಗನ ಪರವಾಗಿ ನಾರ್ಮಂಡಿಯ ವ್ಯವಹಾರಗಳನ್ನು ನೋಡಿಕೊಂಡಳು. ಇಂಗ್ಲೆಂಡಿನಲ್ಲಿ ತನ್ನ ಹಕ್ಕಿನಿಂದಲೇ ಪಟ್ಟಾಭಿಷೇಕವಾದ ಮೊದಲ ಹೆಣ್ಣು ಒಂದನೇ ಮೇರಿ, 1553ರಲ್ಲಿ. ಆಗಲೂ ಎದುರಾಳಿಗಳು ಅವಸರವಾಗಿ ಜೇನ್ ಗ್ರೇಯನ್ನು ರಾಣಿಯೆಂದು ಸಾರಿ ಲಂಡನ್ ಟವರನ್ನು ಕೈಯಲ್ಲಿಟ್ಟುಕೊಂಡಿದ್ದರು. ಒಂಬತ್ತು ದಿನಗಳಲ್ಲಿ ಅದು ಕುಸಿಯಿತು: ಮೇರಿಯ ಹಕ್ಕನ್ನು ಪಾರ್ಲಿಮೆಂಟು 1544ರಲ್ಲೇ ಕಾನೂನು ಮಾಡಿ ಬರೆದಿತ್ತು, ಅವಳ ಎದುರು ಆಗಲೇ ಅಭಿಷೇಕವಾದ ರಾಜನೊಬ್ಬ ಇರಲಿಲ್ಲ, ಹೆದರಬೇಕಾದ ಗಂಡನೂ ಇನ್ನೂ ಬಂದಿರಲಿಲ್ಲ.